ಹತ್ತೊಂಬತ್ತನೆಯ ಮಗು

ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ನಮ್ಮಲ್ಲಿ ಬಹಳ ಮಂದಿ ಪಠ್ಯಪುಸ್ತಕವಾಗಿ ಓದಿದವರು, ಇಲ್ಲವೇ 1975ರಲ್ಲಿ ಬಿ.ವಿ. ಕಾರಂತರು ಮಾಡಿದ ಸಿನಿಮಾ ನೋಡಿದವರು. ಹೊಲೆಯನೊಬ್ಬನಿಗೆ ಬೇಸಾಯಗಾರನಾಗುವ ಆಸೆಯಿತ್ತು, ಅದು ಕೈಗೂಡಲಿಲ್ಲ, ದುಡಿ ಬಡಿಯುತ್ತ ಸತ್ತ. ಮೇಷ್ಟ್ರು ಪಾಠ ಮುಗಿಸುವುದು ಇಷ್ಟಕ್ಕೆ. ಪರೀಕ್ಷೆಗೆ ಪ್ರಶ್ನೆ ಬರುವುದೂ ಚೋಮನ ಆಸೆಯ ಮೇಲೆಯೇ. ಚೋಮನ ಮಕ್ಕಳ ಲೆಕ್ಕ ತೆಗೆದವರು ಕಡಿಮೆ.

ತೆಗೆದು ನೋಡೋಣ. ಅಪ್ಪನ ಸಾಲ ತೀರಿಸಲೆಂದು ದೊಡ್ಡವರಿಬ್ಬರು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಅಲ್ಲೇ ಒಂದು ಕ್ರಿಸ್ತರ ಹುಡುಗಿಯ ಜೊತೆ ನಿಂತುಬಿಡುತ್ತಾನೆ. ಇನ್ನೊಬ್ಬ ಜ್ವರ ಹೊತ್ತು ಬಂದು ಗುಡಿಸಲಲ್ಲಿ ಸಾಯುತ್ತಾನೆ. ಆಮೇಲೆ ಬೆಳ್ಳಿಯ ಸರದಿ. ಸಾಲ ತೀರುತ್ತದೆ, ಹೇಗೆ ತೀರಿತೆಂಬುದು ಓದಿದವರಿಗೆ ಗೊತ್ತು. ಕಡೆಯವನು ನೀಲ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇರಲಿಲ್ಲವೆಂದಲ್ಲ, ಇದ್ದರು. ಮುಟ್ಟಬೇಕಾಗುತ್ತದೆಂದು ಹುಡುಗ ಸತ್ತ.

ಕಾದಂಬರಿ ಬಂದದ್ದು 1933ರಲ್ಲಿ. ಅದೇ 1933ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಕಾಯ್ದೆ ಮಾಡಿತು. ಮಕ್ಕಳ ದುಡಿಮೆಯನ್ನು ಅಡವಿಟ್ಟು ಸಾಲ ತೆಗೆಯುವ ಕರಾರು ಇನ್ನು ಮೇಲೆ ಊರ್ಜಿತವಲ್ಲ ಎಂದಿತು. ಅಡವಿಟ್ಟ ತಂದೆಗೆ 50 ರೂಪಾಯಿವರೆಗೆ ದಂಡ, ದುಡಿಸಿಕೊಂಡ ಧಣಿಗೆ 200 ರೂಪಾಯಿವರೆಗೆ. ಹದಿನೈದರೊಳಗಿನ ಮಕ್ಕಳಿಗೆ ಸಂಬಂಧಿಸಿದ ಕಾಯ್ದೆ ಅದು. ಚೋಮನ ದೊಡ್ಡ ಮಕ್ಕಳು ಅದರ ವಯಸ್ಸಿಗೆ ಸಿಗುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ಇಲ್ಲಿ ನಾವು ನೋಡಬೇಕಾದದ್ದು ಒಂದೇ ವರ್ಷ ಹುಟ್ಟಿದ ಈ ಎರಡು ಬರಹಗಳಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು. ಕಾದಂಬರಿಯಲ್ಲಿ ಒಡೆಯರಿದ್ದಾರೆ, ತೋಟದ ರೈಟರಿದ್ದಾನೆ, ಪಾದ್ರಿಯಿದ್ದಾನೆ, ಪಂಜುರ್ಲಿ ಭೂತವೂ ಇದೆ. ಕಾಯ್ದೆಯಲ್ಲಿ ತಂದೆಯಿದ್ದಾನೆ, ಧಣಿಯಿದ್ದಾನೆ. ಎರಡರಲ್ಲೂ ಸರ್ಕಾರ ತಪ್ಪಿತಸ್ಥರ ಸಾಲಿನಲ್ಲಿ ನಿಂತಿಲ್ಲ. ನಾಲ್ಕು ಕಾಸಿನ ಸಾಲಕ್ಕೆ ಮಕ್ಕಳನ್ನು ಘಟ್ಟ ಹತ್ತಿಸಿದವನಿಗೆ ಐವತ್ತು ರೂಪಾಯಿ ದಂಡ ಹಾಕುವ ಸರ್ಕಾರಕ್ಕೆ, ಅವನಿಗೆ ತುಂಡು ಭೂಮಿ ಯಾಕಿಲ್ಲ ಎಂದು ಕೇಳುವ ಕಲಮು ಬರೆಯಲು ಹೊಳೆಯಲಿಲ್ಲ. ಕಾರಂತರಿಗೆ ಚೋಮನ ಮೇಲೆ ಮರುಕವಿತ್ತು, ಒಪ್ಪುತ್ತೇವೆ. ಆ ಮರುಕ ಜಾತಿಯ ತನಕ ಹೋಗಿ ನಿಂತಿತು, ಕಚೇರಿಯ ಬಾಗಿಲಿಗೆ ಬರಲಿಲ್ಲ.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. ನಾವು ಕೆಲವರು ಗೆಳೆಯರು, ಇಬ್ಬರು ಮೇಷ್ಟ್ರು, ಉಳಿದವರು ವಿದ್ಯಾರ್ಥಿಗಳು, ಕಾಫಿ ಕುಯ್ಲಿನ ಕಾಲದಲ್ಲಿ ಸಕಲೇಶಪುರ ಮತ್ತು ಆಲೂರಿನ ಗುಡ್ಡಗಳಲ್ಲಿ ತಿರುಗಿ ಬಂದೆವು. ಹೆತ್ತೂರು, ಯಸಳೂರು, ಹಾನುಬಾಳಿನ ಕಡೆ, ಇತ್ತ ಪಾಳ್ಯ, ಕೆಂಚಮ್ಮನ ಹೊಸಕೋಟೆಯ ಕಡೆ. ಪ್ರವಾಸಕ್ಕೆ ಬರುವವರಿಗೆ ಇದು ಮಂಜಿನ ಊರು, ಹೋಂಸ್ಟೇ ಊರು, ಮಂಜರಾಬಾದ್ ಕೋಟೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಊರು. ಗೇಟಿನಿಂದ ಒಳಕ್ಕೆ ಅರ್ಧ ಮೈಲಿ ನಡೆದರೆ ಲೈನು ಸಿಗುತ್ತದೆ. ಒಂದಕ್ಕೊಂದು ಬೆನ್ನು ಹಚ್ಚಿದ ಮನೆಗಳು, ಮುಂದೆ ಒಂದು ನಲ್ಲಿ, ಅದರ ಸುತ್ತ ಕೆಸರು. ಬಯಲುಸೀಮೆಯ ಹೊಲೆಮಾದಿಗರು, ಘಟ್ಟದ ಕೆಳಗಿನವರು, ತಮಿಳರು, ಈಗ ಇಪ್ಪತ್ತು ವರ್ಷದಿಂದೀಚೆಗೆ ಅಸ್ಸಾಮು, ಬಂಗಾಳ, ಜಾರ್ಖಂಡಿನಿಂದ ಬಂದವರು. ಬೇರೆ ಬೇರೆ ಭಾಷೆ, ಒಂದೇ ಲೈನು.

ಒಂದು ಲೈನಿನಲ್ಲಿ ನಮ್ಮನ್ನು ಕಂಡ ಕೂಡಲೇ ಇಬ್ಬರು ಮಕ್ಕಳು ಎದ್ದು ಕಾಫಿ ಗಿಡಗಳೊಳಗೆ ಓಡಿ ಮಾಯವಾದರು. ಆಟವಿರಬೇಕೆಂದುಕೊಂಡೆವು. ಆಮೇಲೆ ಅವರ ತಾಯಿಯ ಮಾತು ಕೇಳಿ ತಿಳಿಯಿತು.

"ನೀವು ಆಪೀಸಿನೋರೇನಣ್ಣ?"

"ಅಲ್ಲ ತಾಯಿ, ಸಂಘದವರು. ಮಕ್ಕಳು ಯಾಕೆ ಓಡಿದ್ರು?"

"ನಾನೇ ಯೋಳಿವ್ನಿ. ಜೀಪು ಬಂದ್ರೆ, ಪ್ಯಾಂಟಿನೋರು ಬಂದ್ರೆ ಒಳೀಕೆ ಓಗ್ರಪ್ಪ ಅಂತ. ಎತ್ಕಂಡೋಯ್ತಾರಂತೆ, ಆಸನಕ್ಕೆ."

"ಶಾಲೆಗೆ ಹೋಗಲ್ವಾ?"

"ಸ್ಕೂಲು ಕೆಳಗಡೆ ಐತೆ ಕಣಣ್ಣ, ಎರಡು ಮೈಲಿ. ದಾರೀಲಿ ಆನೆ. ನಾವು ಬೆಳಕರೀತಲೇ ಕುಯ್ಲಿಗೋಗ್ಬೇಕು, ಯಾರು ಬಿಟ್ಬರೋರು? ಸಣ್ಣದುನ್ನ ಜೊತೇಲೇ ಕರ್ಕಂಡೋಯ್ತೀನಿ, ನೆಳ್ಳಲ್ಲಿ ಮಲುಗ್ಸಿರ್ತೀನಿ. ದೊಡ್ಡೋಳು ಉದುರಿದ್ದು ಆಯ್ತಾಳೆ."

ಉದುರಿದ್ದು ಆಯುವುದೆಂದರೆ ಏನೆಂದು ಪೇಟೆಯ ಓದುಗರಿಗೆ ಹೇಳಬೇಕು. ಕುಯ್ಲಿನಲ್ಲಿ ಕೂಲಿ ಬಹಳ ಕಡೆ ತೂಕದ ಮೇಲೆ. ಸಂಜೆ ಚೀಲ ತೂಗುತ್ತಾರೆ, ಕೆಜಿಗೆ ಇಷ್ಟೆಂದು ಬರೆಯುತ್ತಾರೆ. ತಾಯಿ ಗಿಡದಿಂದ ಹಣ್ಣು ಬಿಡಿಸುತ್ತಾಳೆ, ಬುಡದಲ್ಲಿ ಚೆಲ್ಲಿದ್ದನ್ನು ಮಗು ಆರಿಸುತ್ತದೆ. ಬಗ್ಗುವುದು ಮಕ್ಕಳಿಗೆ ಸಲೀಸು. ಎರಡೂ ಒಂದೇ ಚೀಲಕ್ಕೆ ಬೀಳುತ್ತವೆ. ಚೆಕ್‌ರೋಲಿನಲ್ಲಿರುವುದು ತಾಯಿಯ ಹೆಸರು ಮಾತ್ರ. ಲೇಬರ್ ಇನ್ಸ್‌ಪೆಕ್ಟರು ಬಂದು ಪುಸ್ತಕ ತಿರುವಿದರೆ ಬಾಲಕಾರ್ಮಿಕರು ಒಬ್ಬರೂ ಇಲ್ಲ. ಸುಳ್ಳು ಬರೆದಿಲ್ಲ, ಪುಸ್ತಕ ಸರಿಯಾಗಿಯೇ ಇದೆ! ಕೂಲಿಯ ದರ ಕಟ್ಟುವ ರೀತಿಯಲ್ಲೇ ಮಗುವಿನ ಬೆರಳು ಸೇರಿಕೊಂಡಿದೆ, ಆ ದರವನ್ನು ಯಾವ ಇನ್ಸ್‌ಪೆಕ್ಟರೂ ಕೇಳುವುದಿಲ್ಲ.

ಈಗ ಕಾಯ್ದೆಗೆ ಬರೋಣ. ಕಾಯ್ದೆಯೂ ಒಂದು ಬರಹ. ಕತೆ ಕಾದಂಬರಿಯನ್ನು ಯಾರ ಪರ, ಯಾರ ವಿರುದ್ಧ ಎಂದು ಓದುವ ನಾವು ಕಾಯ್ದೆಯನ್ನು ವಕೀಲರಿಗೆ ಬಿಟ್ಟುಕೊಟ್ಟು ಕೂತಿದ್ದೇವೆ. ಇದು ನಮ್ಮ ತಪ್ಪು.

1951ರಲ್ಲಿ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಬಂತು. ಕೇಳಲು ಇಂಪಾದ ಕಾಯ್ದೆ. ತೋಟದಲ್ಲಿ 50 ಜನ ಹೆಣ್ಣಾಳುಗಳಿದ್ದರೆ ಅವರ ಆರು ವರ್ಷದೊಳಗಿನ ಕೂಸುಗಳನ್ನು ನೋಡಿಕೊಳ್ಳುವ ಮನೆ ಮಾಲೀಕ ನಡೆಸಬೇಕು ಎಂದಿತು. 1981ರ ತಿದ್ದುಪಡಿಯಲ್ಲಿ, 50 ಹೆಣ್ಣಾಳಿಲ್ಲದಿದ್ದರೂ ಅವರ ಮಕ್ಕಳು 20 ಇದ್ದರೆ ಸಾಕು ಎಂದು ಸೇರಿಸಿದರು. ಆರರಿಂದ ಹನ್ನೆರಡರ ವಯಸ್ಸಿನ ಮಕ್ಕಳು 25ನ್ನು ಮೀರಿದರೆ ಓದಿನ ಅನುಕೂಲ ಮಾಡಿಸುವಂತೆ ರಾಜ್ಯ ಸರ್ಕಾರ ನಿಯಮ ಮಾಡಬಹುದು ಎಂದಿತು. 'ಮಾಡಬಹುದು' ಎಂಬ ಕ್ರಿಯಾಪದವನ್ನು ವ್ಯಾಕರಣದ ಮೇಷ್ಟ್ರುಗಳು ಗಮನಿಸಬೇಕು. ಇಡೀ ಕಾಯ್ದೆ ಹತ್ತುವುದು 5 ಹೆಕ್ಟೇರಿಗೆ ಮೇಲ್ಪಟ್ಟ, 15 ಆಳುಗಳಿಗೆ ಕಡಿಮೆಯಿಲ್ಲದ ತೋಟಕ್ಕೆ. 1981ಕ್ಕೆ ಮುಂಚೆ ಈ ಮಿತಿ 25 ಎಕರೆ, 30 ಆಳು.

ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ದೊಡ್ಡವೂ ಪಹಣಿಯಲ್ಲಿ ಒಡೆದು ಹೆಂಡತಿಗೊಂದು, ಮಗನಿಗೊಂದು, ಸೊಸೆಗೊಂದು ಆಗುತ್ತವೆ. ಬೇಲಿ ಒಂದೇ, ರೈಟರು ಒಬ್ಬನೇ, ಹೆಸರು ಮಾತ್ರ ನಾಲ್ಕು. ಹೆಣ್ಣಾಳು 50 ಯಾಕಾಗುತ್ತಾರೆ? ಮಕ್ಕಳು 20 ಯಾಕಾಗುತ್ತಾರೆ? ಈ ಲೈನಿನಲ್ಲಿ ಎಂಟು, ಗುಡ್ಡದ ಆಚೆ ಲೈನಿನಲ್ಲಿ ಹನ್ನೊಂದು. ಕಾಯ್ದೆಯ ಬಾಗಿಲ ಬಳಿ ನಮ್ಮ ಮಗು ಯಾವಾಗಲೂ ಹತ್ತೊಂಬತ್ತನೆಯದು.

2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆ ಹೋಗಿ ಕೆಲಸದ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. 50 ಮತ್ತು 25 ಎಂಬ ಅಂಕಿಗಳು ಅದರೊಳಗೂ ಬಂದು ಕೂತಿವೆ.

ಮಾಲೀಕ ಹೋಗಲಿ, ಸರ್ಕಾರದ್ದೇ ಅಂಗನವಾಡಿ ಇದೆಯಲ್ಲ ಎನ್ನುವವರಿದ್ದಾರೆ. ಇದೆ. 1975ರ ಅಕ್ಟೋಬರ್ 2ರಂದು ಆ ಯೋಜನೆ ದೇಶದ 33 ಕಡೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಟಿ. ನರಸೀಪುರ ಮೊದಲನೆಯದು. ಈ ಐವತ್ತು ವರ್ಷದಲ್ಲಿ ಎಷ್ಟೋ ಕೇರಿಯ ಕೂಸುಗಳ ಹೊಟ್ಟೆಗೆ ಬಿದ್ದ ಮೊದಲ ಹಿಡಿ ಅಂಗನವಾಡಿಯದೇ. ನಾವು ಅದನ್ನು ಹಳಿಯುವವರಲ್ಲ, ಅಲ್ಲಿ ಸಣ್ಣ ಗೌರವಧನಕ್ಕೆ ದುಡಿಯುವ ಹೆಂಗಸರನ್ನಂತೂ ಅಲ್ಲವೇ ಅಲ್ಲ. ಆದರೆ ಅದಕ್ಕೂ ತಲೆಯೆಣಿಕೆ ಇದೆ. 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಒಂದು ವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಜನ ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಲೇಬೇಕು ಎಂದು ಹೇಳಿತು. ಒಳ್ಳೆಯ ತೀರ್ಪು. ಬಯಲಿನ ಊರಿಗೆ ಹೊಂದುವ ತೀರ್ಪು. ಈ ಗುಡ್ಡದಲ್ಲಿ 40 ಕೂಸುಗಳು ಒಂದೆಡೆ ಸಿಗಬೇಕಾದರೆ ನಾಲ್ಕು ತೋಟದ ಗೇಟು ತೆಗೆಸಬೇಕು. 2023ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ಎಂದು ಘೋಷಿಸಿತು. ಹೆಸರು ಚೆನ್ನಾಗಿದೆ, ನಮ್ಮ ಅವ್ವಂದಿರ ಬಾಯಲ್ಲಿ ಬರುವ ಮಾತು. ಪಂಚಾಯ್ತಿ ಇರುವುದು ಊರಲ್ಲಿ, ಕೂಸಿರುವುದು ಗೇಟಿನೊಳಗೆ.

ಹಾಗಾದರೆ ನಿರ್ಲಕ್ಷ್ಯಕ್ಕೊಳಗಾದ ಮಕ್ಕಳಿಗೆಂದೇ ಮಾಡಿದ ಕಾಯ್ದೆ ಏನು ಹೇಳುತ್ತದೆ? 1986ರ ಬಾಲನ್ಯಾಯ ಕಾಯ್ದೆಯಲ್ಲಿ 'ನಿರ್ಲಕ್ಷಿತ' ಎಂಬ ಮಾತೇ ಇತ್ತು. ಯಾರು ನಿರ್ಲಕ್ಷಿತ? ಭಿಕ್ಷೆ ಬೇಡುತ್ತ ಸಿಕ್ಕಿದವನು. ಮನೆಯಿಲ್ಲದೆ ಗತಿಗೆಟ್ಟವನು. ತಂದೆತಾಯಿ ಅನರ್ಹರೋ ಅಶಕ್ತರೋ ಆದವನು. ಸೂಳೆಗಾರಿಕೆ ನಡೆವ ಮನೆಯಲ್ಲಿ ಬದುಕುವವನು. ಪಟ್ಟಿ ಓದುತ್ತ ಹೋದರೆ, ಕೇರಿಯ ಬದುಕಿನ ಮೇಲೆ ಪೊಲೀಸಿನವನು ಬರೆದ ವರದಿಯ ಹಾಗಿದೆ. 'ನಿರ್ಲಕ್ಷಿತ' ಎಂಬುದು ಕರ್ಮಣಿ ಪ್ರಯೋಗ. ನಿರ್ಲಕ್ಷಿಸಿದ ಕರ್ತೃ ಯಾರೆಂದು ಹುಡುಕಿದರೆ ತಂದೆ ಸಿಗುತ್ತಾನೆ, ತಾಯಿ ಸಿಗುತ್ತಾಳೆ. ಶಾಲೆ ತೆರೆಯದವನು ಸಿಗುವುದಿಲ್ಲ.

2000ದ ಕಾಯ್ದೆ ಆ ಮಾತನ್ನು ತೆಗೆದು 'ಪಾಲನೆ ಮತ್ತು ರಕ್ಷಣೆ ಬೇಕಾದ ಮಗು' ಎಂದಿತು. 2016ರ ಜನವರಿಯಿಂದ ನಡೆಯುತ್ತಿರುವ 2015ರ ಕಾಯ್ದೆಯೂ ಅದನ್ನೇ ಉಳಿಸಿಕೊಂಡಿದೆ. ಮಾತು ಮೆತ್ತಗಾಗಿದೆ, ಪಟ್ಟಿ ಉದ್ದವಾಗಿದೆ. ಕಾರ್ಮಿಕ ಕಾನೂನು ಮೀರಿ ದುಡಿಯುತ್ತಿರುವ ಮಗುವೂ ಅದರಲ್ಲಿ ಸೇರಿದೆ, ಅದು ಒಳ್ಳೆಯದು. ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ, ಒಬ್ಬ ಅಧ್ಯಕ್ಷರು, ನಾಲ್ಕು ಸದಸ್ಯರು. ಮಗು ಸಿಕ್ಕ 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು. ಮಗುವನ್ನು ಸಂಸ್ಥೆಗೆ ಹಾಕುವುದು ಕೊನೆಯ ದಾರಿ, ಮೊದಲು ಕುಟುಂಬ ಎಂಬ ತತ್ವವೂ ಬರೆದಿದೆ. ತನ್ನ ವಶದಲ್ಲಿರುವ ಮಗುವನ್ನು ಬೇಕೆಂದೇ ನಿರ್ಲಕ್ಷಿಸಿದವರಿಗೆ 3 ವರ್ಷದವರೆಗೆ ಸಜೆ. ಮಕ್ಕಳ ಸಂಸ್ಥೆಯಲ್ಲಿ ಕೆಲಸ ಮಾಡುವವರೇ ಮಾಡಿದರೆ 5 ವರ್ಷದವರೆಗೆ. ಅಂದರೆ ಬಾಲಮಂದಿರದ ಅಡುಗೆಯವನು ಜೈಲಿಗೆ ಹೋಗಬಹುದು, ವಾರ್ಡನ್ನು ಹೋಗಬಹುದು. ಸಮಿತಿಯ ಸದಸ್ಯರು ಮೂರು ತಿಂಗಳು ಸಭೆಗೆ ಬಾರದಿದ್ದರೆ ತೆಗೆದುಹಾಕಬಹುದು. 2021ರ ತಿದ್ದುಪಡಿಯಾದ ಮೇಲೆ ಜಿಲ್ಲಾಧಿಕಾರಿಯ ಮೇಲೆ ಉಸ್ತುವಾರಿಯ ಹೊಣೆ ಇನ್ನೂ ಹೆಚ್ಚಾಯಿತು. ಆ ಉಸ್ತುವಾರಿ ನಡೆಯದಿದ್ದರೆ? ಸಮಿತಿಗೆ ಜನರನ್ನೇ ನೇಮಿಸದೆ, ಸಿಬ್ಬಂದಿ ಕೊಡದೆ, ಅನುದಾನ ಬಿಡದೆ ಸರ್ಕಾರವೇ ಸುಮ್ಮನೆ ಕೂತರೆ ಅದು ನಿರ್ಲಕ್ಷ್ಯವೋ ಅಲ್ಲವೋ? ಅದಕ್ಕೆ ಶಿಕ್ಷೆಯ ಕಲಮಿಲ್ಲ.

ಲೈನಿನ ತಾಯಿಗೆ ಈ ಕಾಯ್ದೆಯ ಯಾವ ಪುಟವೂ ಗೊತ್ತಿಲ್ಲ. ಆದರೆ ಅದರ ಒಳಗಿನ ದಿಕ್ಕು ಗೊತ್ತಿದೆ. ಸರ್ಕಾರ ಮಕ್ಕಳಿಗಾಗಿ ಬಂದರೆ ಏನನ್ನಾದರೂ ಕೊಡಲು ಬರುವುದಿಲ್ಲ, ಮಕ್ಕಳನ್ನೇ ಒಯ್ಯಲು ಬರುತ್ತದೆ ಎಂದು ಅವಳು ನಂಬಿದ್ದಾಳೆ. ಸಕಲೇಶಪುರ ಪೇಟೆಯಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರು. ಯಸಳೂರಿನ ಒಳಗಿನ ತೋಟಗಳಿಂದ ಅದಕ್ಕೂ ದೂರ. ಮಗಳನ್ನು ಒಮ್ಮೆ ನೋಡಿಬರಲು ಒಂದು ದಿನದ ಕೂಲಿ, ಬಸ್‌ಚಾರ್ಜು. ಅಲ್ಲಿ ಹೋಗಿ ಕೂತರೆ ಆಧಾರ್ ಎಲ್ಲಿ, ಗಂಡ ಎಲ್ಲಿ, ವಿಳಾಸ ಎಲ್ಲಿ. ಅವಳು ಮಗಳಿಗೆ ಕಾಫಿ ಗಿಡದ ಸಂದಿ ತೋರಿಸಿಕೊಟ್ಟಿದ್ದು ನಿರ್ಲಕ್ಷ್ಯವೇ? ಅವಳಿಗೆ ಗೊತ್ತಿರುವ ಪಾಲನೆ, ರಕ್ಷಣೆ ಅದು. ಕೂಸು ನೋಡಿಕೊಳ್ಳುವ ಒಂದು ಕೋಣೆ, ಬೆಳಿಗ್ಗೆ ಎಂಟಕ್ಕೆ ಬರುವ ಒಂದು ಶಾಲಾ ವ್ಯಾನು ಇದ್ದಿದ್ದರೆ ಯಾವ ಸಮಿತಿಯ ಮುಂದೆಯೂ ಬರಬೇಕಾಗಿರದ ಮಕ್ಕಳು ಇವರು.

ನಾವು ಕಚೇರಿಗಳಿಗೂ ಹೋದೆವು. ಹೆಸರು ಹೇಳುವುದಿಲ್ಲ, ಎಲ್ಲ ಕಡೆ ಮಾತು ಒಂದೇ. ತೋಟದೊಳಗಿನ ಕೂಸಿನ ಮನೆ ಕಾರ್ಮಿಕ ಇಲಾಖೆಗೆ ಸೇರಿದ್ದು ಎಂದರು ಒಬ್ಬರು. ಶಾಲೆ ಬಿಟ್ಟ ಮಕ್ಕಳು ಶಿಕ್ಷಣ ಇಲಾಖೆಗೆ. ಜಾತಿ ಸರ್ಟಿಫಿಕೇಟು ಕಂದಾಯಕ್ಕೆ. ಹಾಸ್ಟೆಲು ಸಮಾಜ ಕಲ್ಯಾಣಕ್ಕೆ. ಅಸ್ಸಾಮಿನವರೇ? ಅವರು 'ಫ್ಲೋಟಿಂಗ್' ಸಾರ್. ತೋಟ ಖಾಸಗಿ ಜಾಗ, ನಾವು ಹಾಗೆಲ್ಲ ಒಳಗೆ ಹೋಗಲಾಗುವುದಿಲ್ಲ ಎಂದರು ಇನ್ನೊಬ್ಬರು, ಟೀ ಕುಡಿಸಿ, ಬಹಳ ಮರ್ಯಾದೆಯಿಂದ.

ಖಾಸಗಿ ಜಾಗ! ಅದೇ ಗೇಟಿನೊಳಗೆ ಪೊಲೀಸರು ಹೋಗುತ್ತಾರೆ, ಅಸ್ಸಾಮಿನವರ ಆಧಾರ್ ಕಾರ್ಡು ಹಿಡಿದು ನೋಡುತ್ತಾರೆ, ನೀನು ಬಾಂಗ್ಲಾದವನೇ ಎಂದು ಕೇಳುತ್ತಾರೆ. ಪಕ್ಕದಲ್ಲೇ ನಿಂತ ಮಗು ಯಾವ ಕ್ಲಾಸು ಎಂದು ಕೇಳಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಅರಣ್ಯ ಇಲಾಖೆಯವರೂ ಹೋಗುತ್ತಾರೆ. ಆಲೂರು, ಸಕಲೇಶಪುರದ ಆನೆಗಳ ಕಾಟ ಇಡೀ ರಾಜ್ಯಕ್ಕೆ ಗೊತ್ತು. ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಹಿಂಡು ಇಂದು ಯಾವ ತೋಟದಲ್ಲಿದೆ, ಯಾವ ದಾರಿಯಲ್ಲಿ ಓಡಾಡಬಾರದು ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ಆನೆಗಳಿಗೆ ಹೆಸರಿದೆ, ಎಣಿಕೆಯಿದೆ, ದಿನದ ವರದಿಯಿದೆ. ಇದನ್ನು ನಾವು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಆನೆ ತುಳಿದು ಸತ್ತವರಲ್ಲಿ ತೋಟದ ಕೂಲಿಗಳು ಕಡಿಮೆಯೇನಿಲ್ಲ, ಆ ಸಂದೇಶ ಜೀವ ಉಳಿಸುತ್ತದೆ, ಇನ್ನೂ ಚೆನ್ನಾಗಿ ನಡೆಯಲಿ. ಗುಡ್ಡ ಮಳೆ ಗೇಟು ಯಾವುದೂ ಅಡ್ಡ ಬರದೆ ಸರ್ಕಾರ ಎಣಿಸಬಲ್ಲದು ಎಂಬುದಕ್ಕೆ ಇದು ಪುರಾವೆ. ಹಾಗಿದ್ದರೆ ಈ ಎರಡು ತಾಲ್ಲೂಕಿನ ಲೈನುಗಳಲ್ಲಿ ಈ ಕುಯ್ಲಿಗೆ ಆರು ವರ್ಷದೊಳಗಿನ ಮಕ್ಕಳು ಎಷ್ಟು? ನಾವು ಕೇಳಿದ ಯಾವ ಮೇಜಿನಲ್ಲೂ ಆ ಅಂಕಿ ಇರಲಿಲ್ಲ.

ಇದೇ ಹಾಸನ ಜಿಲ್ಲೆಯಲ್ಲಿ, ಅರಸೀಕೆರೆ ತಾಲ್ಲೂಕಿನ ಸಾವಂಕನಹಳ್ಳಿಯಲ್ಲಿ, 2018ರ ಡಿಸೆಂಬರಿನಲ್ಲಿ 52 ಜನರನ್ನು ಜೀತದಿಂದ ಬಿಡಿಸಿದರು. ಅವರಲ್ಲಿ ಮಕ್ಕಳೂ ಇದ್ದರು. ಜೀತ ರದ್ದಾದ ಕಾಯ್ದೆ 1976ರದು. ನಡುವಿನ ನಲವತ್ತೆರಡು ವರ್ಷ ಆ ಕಾಯ್ದೆಯನ್ನು ಜಾರಿ ಮಾಡಬೇಕಾದವರು ಪ್ರತಿ ತಿಂಗಳು ಸಂಬಳ ತೆಗೆದುಕೊಂಡಿದ್ದಾರೆ.

ಈಗ ನಮ್ಮ ಸಾಹಿತ್ಯದ ಕಡೆ ತಿರುಗಬೇಕು. ಬೇರೆಯವರನ್ನು ಬೈದು ನಾವು ನುಣುಚಿಕೊಳ್ಳುವ ಹಾಗಿಲ್ಲ. ದೇವನೂರ ಮಹಾದೇವರ 'ದ್ಯಾವನೂರು' (1973) ಸಂಕಲನದಲ್ಲಿ 'ಅಮಾಸ' ಎಂಬ ಕತೆಯಿದೆ. ತಬ್ಬಲಿ ಹುಡುಗ, ಮಾರಿಗುಡಿಯಲ್ಲಿ ಕುರಿಯಯ್ಯನೆಂಬ ಮುದುಕನ ಜೊತೆ ಬೆಳೆಯುತ್ತಾನೆ. ಕಾರಂತರ ಮಕ್ಕಳು ಓದುಗನ ಮರುಕಕ್ಕಾಗಿ ಸಾಯುತ್ತಾರೆ; ಅಮಾಸ ಹಾಗಲ್ಲ, ಅವನು ಕುಣಿಯುತ್ತಾನೆ, ಕೇರಿಯವರ ಕಣ್ಣಿಗೆ ಬೀಳುತ್ತಾನೆ. ಕನ್ನಡದಲ್ಲಿ ನಮ್ಮ ಮಗುವಿಗೆ ಮೊದಲ ಸಲ ಒಂದು ಮೈ ಬಂದದ್ದು ಇಲ್ಲಿ ಎಂದು ನಾವು ಈಗಲೂ ಹೇಳುತ್ತೇವೆ. ಆದರೆ ಈ ಕತೆಯನ್ನು ನಮ್ಮ ವಿಮರ್ಶಕರು ಹೊಗಳಿದ ರೀತಿಯಲ್ಲಿ ಒಂದು ಮೋಸವಿದೆ. ಕೇರಿಯ ಅಂತಃಕರಣ, ಸಮುದಾಯದ ತಾಯ್ತನ ಎಂದೆಲ್ಲ ಬರೆದರು. ಸರಿ, ಕೇರಿಗೆ ಅಂತಃಕರಣವಿದೆ. ತಾನು ಹಸಿದು ಪಕ್ಕದ ಮಗುವಿಗೆ ಮುದ್ದೆ ಮುರಿದು ಕೊಟ್ಟವರು ನಮ್ಮವರೇ. ಹಾಗೆಂದು ಸರ್ಕಾರದ ಪಾಲಿನ ಕೆಲಸವನ್ನೂ ಕೇರಿಯ ಅಂತಃಕರಣಕ್ಕೆ ಹೊರಿಸಿ, ಅದನ್ನು ಸೌಂದರ್ಯ ಎಂದು ಕರೆದರೆ ಹೇಗೆ? ಕೇರಿಯಲ್ಲಾದರೂ ಕುರಿಯಯ್ಯನಿದ್ದ. ಲೈನಿನಲ್ಲಿ ಕುರಿಯಯ್ಯನಿಲ್ಲ. ದುಡಿಯಲಾರದ ಮುದುಕರನ್ನು ತೋಟಕ್ಕೆ ಕರೆತರುವುದಿಲ್ಲ, ಅವರು ಊರಲ್ಲೇ ಉಳಿದಿದ್ದಾರೆ. ಮಾರಿಗುಡಿಯಿಲ್ಲ. ಪಕ್ಕದ ಮನೆಯವಳ ಭಾಷೆ ಬರುವುದಿಲ್ಲ. ಮುಂದಿನ ಕುಯ್ಲಿಗೆ ಪಕ್ಕದ ಮನೆಯವಳೇ ಬೇರೆ.

ಬಂಡಾಯದ ಪದ್ಯಗಳಲ್ಲಿ ಮಗು ಎಲ್ಲಿದೆ? ಬಹುಪಾಲು ಕೊನೆಯ ಸಾಲಿನಲ್ಲಿ. ಅವ್ವನ ಬತ್ತಿದ ಎದೆ, ಅದನ್ನು ಚೀಪುವ ಕೂಸು, ಕೆಳಗೆ ಕವಿಯ ಸಹಿ. ನಾವೂ ಅಂಥವನ್ನು ಬರೆದಿದ್ದೇವೆ, ಅಚ್ಚು ಹಾಕಿದ್ದೇವೆ, ಚಪ್ಪಾಳೆ ಗಿಟ್ಟಿಸಿದ್ದೇವೆ. ಆ ಕೂಸು ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಎಲ್ಲಿರುತ್ತದೆ ಎಂದು ಕೇಳಿದ ಪದ್ಯ ನಮಗೆ ನೆನಪಿಲ್ಲ. ರೂಪಕವಾದ ಮಗು ಹಾಲು ಕೇಳುವುದಿಲ್ಲ, ಕವಿಗೆ ಅನುಕೂಲ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಸರ್ಕಾರದಿಂದ ಏನೂ ಆಗದು ಎಂದು ಭಾಷಣ ಮಾಡುವ ಹಕ್ಕು ನಮಗೆ ಇಲ್ಲ. ನಾವು ಸರ್ಕಾರಿ ಹಾಸ್ಟೆಲಿನ ಅನ್ನ ತಿಂದವರು. ಸಿದ್ಧಲಿಂಗಯ್ಯನವರ 'ಊರು ಕೇರಿ' ಓದಿ ನೋಡಿ, ಹಾಸ್ಟೆಲಿಲ್ಲದೆ ಆ ಪುಸ್ತಕವೂ ಇಲ್ಲ, ಆ ಕವಿಯೂ ಇಲ್ಲ. ನುಸಿ ಬಿದ್ದ ಅಕ್ಕಿ, ತಿಗಣೆಯ ಚಾಪೆ, ವಾರ್ಡನ್ನಿನ ಕಳ್ಳತನ ಎಲ್ಲ ಇತ್ತು. ಅದರ ವಿರುದ್ಧ ತಟ್ಟೆ ಬಡಿದು ರಸ್ತೆಗೆ ಬಂದಿದ್ದೇ ನಮ್ಮಲ್ಲಿ ಎಷ್ಟೋ ಜನರ ಮೊದಲ ಚಳವಳಿ. ಅರೆಬರೆ ನಡೆದ ಹಾಸ್ಟೆಲೇ ಒಂದು ತಲೆಮಾರನ್ನು ಎಬ್ಬಿಸಿತು. ಅಲ್ಲಿ ಒಂದು ಕಟ್ಟಡವಿತ್ತು, ಹಾಜರಿ ಪುಸ್ತಕವಿತ್ತು, ತಲೆಗಿಷ್ಟು ಎಂದು ದುಡ್ಡು ಬರುತ್ತಿತ್ತು, ಬಾರದಿದ್ದರೆ ಯಾರ ಕೊರಳಪಟ್ಟಿ ಹಿಡಿಯಬೇಕೆಂದು ನಮಗೆ ಗೊತ್ತಿತ್ತು. ಲೈನಿನ ಮಗುವಿಗೆ ಹಿಡಿಯಲು ಕೊರಳಪಟ್ಟಿಯೇ ಇಲ್ಲದಂತೆ ಐದು ಇಲಾಖೆಗಳು ಹೊಣೆಯನ್ನು ಹಂಚಿಕೊಂಡಿವೆ.

ಕೋರ್ಟಿಗೆ ಹೋಗಿ ಎನ್ನುತ್ತಾರೆ. ಹೋದವರಿದ್ದಾರೆ, ಅವರಿಗೆ ನಮಸ್ಕಾರ. ಬಾಲನ್ಯಾಯ ಕಾಯ್ದೆಯನ್ನು ರಾಜ್ಯಗಳು ಜಾರಿ ಮಾಡುತ್ತಿಲ್ಲ, ಸಮಿತಿಗಳನ್ನೇ ರಚಿಸಿಲ್ಲ ಎಂದು ಸಂಪೂರ್ಣಾ ಬೆಹುರಾ ಎಂಬುವರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದು 2005ರಲ್ಲಿ. ತೀರ್ಪು ಬಂದದ್ದು 2018ರ ಫೆಬ್ರವರಿ 9ರಂದು. ಖಾಲಿ ಹುದ್ದೆ ತುಂಬಿ, ಸಂಸ್ಥೆಗಳನ್ನು ಪರಿಶೀಲಿಸಿ, ಹೈಕೋರ್ಟುಗಳು ತಾವೇ ಪ್ರಕರಣ ದಾಖಲಿಸಿ ನಿಗಾ ಇಡಲಿ ಎಂದು ಕೋರ್ಟು ಹೇಳಿತು. ಒಳ್ಳೆಯದೇ. ಅರ್ಜಿ ಹಾಕಿದಾಗ ಐದು ತುಂಬಿದ್ದ ಮಗು ತೀರ್ಪು ಬರುವ ಹೊತ್ತಿಗೆ ಹದಿನೆಂಟಕ್ಕೆ ಬಂದು, ಕಾಯ್ದೆಯ ಲೆಕ್ಕದಲ್ಲಿ ಮಗುವೇ ಆಗಿ ಉಳಿದಿರಲಿಲ್ಲ.

ನಮ್ಮ ಕೈಗೆ ಈಗಲೇ ಸಿಗುವ ಒಂದು ಬರಹವಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯ್ದೆ. ಅದರಲ್ಲೂ ಓರೆಕೋರೆ ಬೇಕಾದಷ್ಟಿದೆ, ಆರು ವರ್ಷದೊಳಗಿನವರನ್ನು ಅದು ಹೆಚ್ಚುಕಡಿಮೆ ಕೈಬಿಟ್ಟಿದೆ. ಆದರೂ ಅದರ ವ್ಯಾಕರಣ ಬೇರೆ. 'ಕಡ್ಡಾಯ' ಎಂದರೆ ಯಾರಿಗೆ ಕಡ್ಡಾಯ ಎಂದು ಬಿಡಿಸಿ ಹೇಳುವಾಗ, ಮಗು ಶಾಲೆಗೆ ಸೇರುವುದು, ದಿನಾ ಹಾಜರಾಗುವುದು, ಓದು ಮುಗಿಸುವುದು ಮೂರನ್ನೂ ಖಚಿತಪಡಿಸುವುದು ಸರ್ಕಾರದ ಕಟ್ಟುಪಾಡು ಎಂದು ಎಂಟನೆಯ ಕಲಮು ಹೇಳುತ್ತದೆ. ತಂದೆತಾಯಿಗೂ ಕರ್ತವ್ಯವಿದೆ, ದಂಡವಿಲ್ಲ. 1933ರಲ್ಲಿ ಚೋಮನಂಥವನಿಗೆ ಹಾಕಿದ ಐವತ್ತು ರೂಪಾಯಿ ಕಡೆಗೂ ಇಲ್ಲಿ ಇಳಿದುಹೋಗಿದೆ. ಒಂಬತ್ತನೆಯ ಕಲಮು ಸ್ಥಳೀಯ ಪ್ರಾಧಿಕಾರದ ಕೆಲಸಗಳನ್ನು ಹೇಳುತ್ತದೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ ಹದಿನಾಲ್ಕು ವರ್ಷದವರೆಗಿನ ಮಕ್ಕಳೆಲ್ಲರ ದಾಖಲೆ ಇಡಬೇಕು. ವಲಸೆ ಬಂದ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸಬೇಕು. ಈ ದಾಖಲೆಯ ಮಾತಿನಲ್ಲಿ 50 ಇಲ್ಲ, 25 ಇಲ್ಲ, 20 ಇಲ್ಲ. ಒಂದು ಮಗುವಿದ್ದರೂ ಬರೆಯಬೇಕು. 'ಫ್ಲೋಟಿಂಗ್' ಎಂಬ ಮಾತೂ ಇಲ್ಲ.

ಒಂದು ಪಂಚಾಯ್ತಿಯಲ್ಲಿ ನಾವು ಈ ದಾಖಲೆ ಕೇಳಿದೆವು. ಅಲ್ಲಿದ್ದವರು ಒಳ್ಳೆಯವರು, ಅಲಮಾರು ತೆಗೆದು ಹುಡುಕಿದರು. ಕಂದಾಯದ ಪುಸ್ತಕ ಸಿಕ್ಕಿತು, ನೀರಿನ ಬಿಲ್ಲಿನದು, ಜಾಬ್ ಕಾರ್ಡಿನದು. ಮಕ್ಕಳದು ಶಾಲೆಯಲ್ಲಿರಬಹುದು ಎಂದರು. ಶಾಲೆಯಲ್ಲಿ ಮೇಷ್ಟ್ರು ತೋರಿಸಿದ್ದು ಶಾಲೆಗೆ ಬಂದ ಮಕ್ಕಳ ಹಾಜರಿ. ಊರೊಳಗಿನ ಬಿಟ್ಟ ಮಕ್ಕಳ ಪಟ್ಟಿ ಅವರೇ ಮನೆಮನೆ ತಿರುಗಿ ಮಾಡಿದ್ದರು. ತೋಟದ ಗೇಟಿನೊಳಗೆ ಬಿಡಲಿಲ್ಲವಂತೆ. ಒಬ್ಬ ಮೇಷ್ಟ್ರು, ಮೂರು ತರಗತಿ, ಜೊತೆಗೆ ಬಿಸಿಯೂಟದ ಲೆಕ್ಕ, ಚುನಾವಣೆಯ ಪಟ್ಟಿ. ಅವರನ್ನು ದೂರಿ ಏನು ಪ್ರಯೋಜನ.

ಕುಯ್ಲು ನವೆಂಬರ್ ಕಡೆಗೆ ಶುರುವಾಗುತ್ತದೆ, ಅರೇಬಿಕಾ ಮೊದಲು, ಆಮೇಲೆ ರೊಬಸ್ಟಾ, ಫೆಬ್ರವರಿ ದಾಟುತ್ತದೆ. ಅಷ್ಟರೊಳಗೆ ಸಕಲೇಶಪುರ, ಆಲೂರು ತಾಲ್ಲೂಕಿನ ಗೆಳೆಯರು, ಶಿಕ್ಷಕರು, ಹಾಸ್ಟೆಲಿನ ವಿದ್ಯಾರ್ಥಿಗಳು ತಮ್ಮ ತಮ್ಮ ಪಂಚಾಯ್ತಿಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಒಂದು ಅರ್ಜಿ ಹಾಕಬೇಕೆಂದು ಕೇಳುತ್ತೇವೆ. ಒಂಬತ್ತನೆಯ ಕಲಮಿನ ದಾಖಲೆಯ ನಕಲು ಕೊಡಿ, ಅದರಲ್ಲಿ ತೋಟದ ಲೈನಿನ ಮಕ್ಕಳ ಹೆಸರು ಎಷ್ಟಿವೆ ಹೇಳಿ, ಇಷ್ಟೇ ಸಾಕು. ಕಾರ್ಮಿಕ ಇಲಾಖೆಗೆ ಇನ್ನೊಂದು: ಈ ತಾಲ್ಲೂಕಿನಲ್ಲಿ ಕೂಸು ನೋಡಿಕೊಳ್ಳುವ ಮನೆ ಇರುವ ತೋಟಗಳು ಎಷ್ಟು, ಕಡೆಯ ಸಲ ಒಳಗೆ ಹೋಗಿ ನೋಡಿದ ತಾರೀಕು ಯಾವುದು. ಉತ್ತರಕ್ಕೆ 30 ದಿನದ ಗಡುವಿದೆ. ಬಂದ ಉತ್ತರವನ್ನು ನಮಗೆ ಕಳಿಸಿ, ಬಂದ ಹಾಗೆಯೇ ಅಚ್ಚು ಹಾಕುತ್ತೇವೆ. ಬಾರದಿದ್ದರೆ ಅರ್ಜಿ ಕೊಟ್ಟ ತಾರೀಕು, ಕಚೇರಿಯ ಹೆಸರು ಬರೆದು ಕಳಿಸಿ. ಲೈನಿಗೆ ಹೋಗುವವರು ಒಂದು ಗಮನಿಸಿ: ಪ್ಯಾಂಟು ಹಾಕಿಕೊಂಡು ಗುಂಪಾಗಿ ಹೋಗಬೇಡಿ, ಮಕ್ಕಳು ಓಡಿಹೋಗುತ್ತವೆ. ನಮ್ಮ ಹೆಣ್ಣುಮಕ್ಕಳು ಇಬ್ಬರು ಮೊದಲು ಹೋಗಿ ತಾಯಂದಿರ ಜೊತೆ ಕೂತು ಮಾತಾಡಲಿ.